ಕಾಶಿನಾಥನ ಸರದಿ

ಅಧ್ಯಕ್ಷತೆ ವಹಿಸಿರುವ ಡಾಕ್ಟರ್ ಸ್ನೇಹಲತಾ ಅವರೇ, ವೇದಿಕೆಯ ಗಣ್ಯರೇ, ನಗರದ ಈ ತುದಿ ಉಪ್ಪಲ್‌ನಿಂದ ಆ ತುದಿ ಲಿಂಗಂಪಲ್ಲಿಯವರೆಗಿನ ನನ್ನ ಹೃದ್ರೋಗಿ ಬಂಧುಗಳೇ, ಸಭಿಕರೇ,

ಹೊಸ ಔಷಧದ ಪ್ರಯೋಗಕ್ಕೆ ಮೈಯೊಡ್ಡಿದ ಸಿದ್ದರಾಮಪ್ಪನವರು ಧೈರ್ಯವಂತರು ಎಂದಿರಿ, ನನಗೆ ಶಾಲು ಹೊದಿಸಿದಿರಿ. ಏನು ಧೈರ್ಯ? ಆರು ತಿಂಗಳಿಗೊಂದು ಸೂಜಿ, ಅಷ್ಟೇ. ಕೊಲೆಸ್ಟ್ರಾಲ್ ಏರಿಸುವ ವಂಶವಾಹಿಯ ಬಾಯಿಯನ್ನೇ ಅದು ಮುಚ್ಚಿಸುತ್ತದಂತೆ. ಮೂವತ್ತು ವರ್ಷ ಪಾತ್ರೆ ಅಂಗಡಿಯಲ್ಲಿ ಕೂಗಾಡಿದ ನನ್ನ ಬಾಯಿ ಮುಚ್ಚಿಸುವ ಸೂಜಿ ಮಾತ್ರ ಇನ್ನೂ ಬಂದಿಲ್ಲ! ನಗಿರಿ, ಪರವಾಗಿಲ್ಲ.

ಈ ಕಾಯಿಲೆ ನಮಗೆ ಅಪ್ಪನ ಬಳುವಳಿ. ನಾನೂ ತಮ್ಮ ಕಾಶಿನಾಥನೂ ಒಂದೇ ದಿನ ಪ್ರಯೋಗಕ್ಕೆ ಹೆಸರು ಬರೆಸಿದೆವು. ಅರ್ಧ ಜನಕ್ಕೆ ಔಷಧ, ಇನ್ನರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ಒಳಗೆ ಹೋದ ಸರದಿಯಂತೆ, ಕಂಪ್ಯೂಟರಿನ ಮುಚ್ಚಿಟ್ಟ ಪಟ್ಟಿಯಲ್ಲಿ ಯಾರು ಯಾವ ಗುಂಪೆಂದು ತೀರ್ಮಾನವಾಗುತ್ತಿತ್ತು. ನರ್ಸ್ ಮೊದಲು ಕರೆದದ್ದು ಕಾಶಿನಾಥನನ್ನು. ಅವನು, "ಅಣ್ಣಾ, ನೀವ ಮೊದಲ ಹೋಗ್ರಿ" ಅಂದ. ಹೋದೆ.

ಇಲ್ಲ, ಸಭಿಕರೇ. ಸುಳ್ಳು. ಅವನು ಹಾಗೆ ಅನ್ನಲೇ ಇಲ್ಲ. "ಹಿರಿಯಾಂವ ಇಲ್ಲೆ ಕುಂತೀನಿ, ನೀ ಎಲ್ಲಿ ಹೊಂಟಿ?" ಎಂದು ಹೆಗಲೊತ್ತಿ ಕೂರಿಸಿದವನು ನಾನು. ಊಟಕ್ಕೆ ನಾನು ಮೊದಲು, ಮದುವೆಗೆ ನಾನು ಮೊದಲು, ಸೂಜಿಗೂ ನಾನೇ ಮೊದಲಾದೆ. ಅವನು ನಕ್ಕು ಕುಳಿತ.

ಎರಡನೆಯ ವರ್ಷ ಅವನ ಎದೆ ನಿಂತಿತು. ಮಣ್ಣು ಮಾಡಿ ಬಂದ ದಿನ ಅವನ ಹೆಂಡತಿ ದಾನೇಶ್ವರಿ, "ಭಾವಾರ, ಅವರು ಎಣ್ಣಿದು ಮುಟ್ಟತಿದ್ದಿಲ್ರಿ, ಹಿಂಗ್ಯಾಕಾತು?" ಎಂದು ಅತ್ತಳು. "ನಿನಗ ಗೊತ್ತಿಲ್ಲದಂಗ ಭಜಿ ತಿಂತಿದ್ದ, ಬಾಯಿ ಕಟ್ಟಲಿಲ್ಲ" ಎಂದೆ. ಏನೋ ಒಂದು ಕಾರಣ ಬೇಕಿತ್ತಲ್ಲ! ಊರೆಲ್ಲ ಅದನ್ನೇ ಹೇಳಿತು.

ಪ್ರಯೋಗ ಮುಗಿದು ಕಳೆದ ತಿಂಗಳು ಗುಟ್ಟು ಬಿಚ್ಚಿದರು. ನನ್ನ ಮೈಗೆ ಹೋದದ್ದು ಔಷಧ, ಅವನ ಮೈಗೆ ಉಪ್ಪುನೀರು. ಸೂಜಿ ಸಿಕ್ಕಿದ್ದರೆ ಉಳಿಯುತ್ತಿದ್ದನೆಂದು ಹೇಳಲಾಗದು, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ದೊಡ್ಡ ಮಾತು. ಆದರೆ ನನಗೆ ನಿದ್ದೆ ಬರುತ್ತಿಲ್ಲ.

ದಾನೇಶ್ವರಿ ಮೂರನೆಯ ಸಾಲಿನಲ್ಲಿದ್ದಾಳೆ. ತಾಯೀ, ಅವನು ಬಾಯಿ ಕಟ್ಟಿದ್ದ. ಭಜಿ ತಿಂದದ್ದನ್ನು ನಾನು ನೋಡಿಯೇ ಇಲ್ಲ. ಆ ದಿನದ ಸರದಿ ಅವನದಾಗಿತ್ತು.

ಹಬ್ಬಕ್ಕೆ ಬಂದಾಗಲೆಲ್ಲ ನನ್ನ ಕಾಲಿಗೆ ಮೊದಲು ಬಗ್ಗುವವಳು ನೀನು. ಹಿರಿಯರು ಕಿರಿಯರಿಗೆ ಕೈಮುಗಿಯುವ ವಾಡಿಕೆ ನಮ್ಮಲ್ಲಿಲ್ಲ. ಇವತ್ತು ಮೊದಲು ನಾನು ಕೈಮುಗಿಯುತ್ತೇನೆ.

ಕರೆದು ಕೂರಿಸಿ ಕೇಳಿದ ಎಲ್ಲರಿಗೂ ವಂದನೆಗಳು. ದಾನೇಶ್ವರೀ, ನಿನಗೆ ನಮಸ್ಕಾರ.