ಮೂವತ್ತೊಂದರ ಕಾರ್ಡು

ಕೊನೇ ಬಸ್ಸು ತಪ್ಪಿತು. ನನ್ನ ಅಕ್ಕನ ಮಗ ಗುಡ್ಡದ ಬುಡದ ಕಾಲುದಾರಿ ಹಿಡಿದ. ರಾತ್ರಿ ಹತ್ತೂವರೆ. ಆ ದಾರಿಯಲ್ಲಿ ಒಂದು ಪಾಳುಬಾವಿ ಇದೆ. ಹನ್ನೊಂದು ದಿನದ ಹಿಂದೆ ಅದರಿಂದಲೇ ಅವನ ಶಾಲೆಯ ಹುಡುಗಿಯನ್ನು ಮೇಲೆತ್ತಿದ್ದರು.

ಅವನು ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸದಾ ಸೀಟಿ. ಮಕ್ಕಳು ಸೀಟಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವನೂ ಮಕ್ಕಳನ್ನು ಹೆಸರು ಹಿಡಿದು ಕರೆದವನಲ್ಲ. ಹಾಜರಿ ನಂಬರೇ ಹೆಸರು. ಏ ಒಂಬತ್ತು, ಸಾಲು ಸರಿ ಮಾಡು. ಏ ಇಪ್ಪತ್ತು, ಉಗುರು ಕಡೀಬೇಡ. ಸತ್ತವಳು ಮೂವತ್ತೊಂದು.

ಜೇಬಿನಲ್ಲಿ ಒಂದು ಕಾಗದವಿತ್ತು. ಹೆಡ್‌ಮಾಸ್ಟರ ಮನೆಯಲ್ಲಿ ಕೂತು ಬರೆದ ಹೇಳಿಕೆ. ‘ವಿದ್ಯಾರ್ಥಿನಿಯು ಯಾರಿಗೂ ತಿಳಿಸದೆ ತಾನಾಗಿಯೇ ಶಿಬಿರ ಬಿಟ್ಟು ಹೋದಳು.’ ಬೆಳಗ್ಗೆ ವಿಚಾರಣೆ.

“ಓದಿ ಕೂತ್ಬಿಡು. ಹೆಚ್ಚು ಮಾತು ಬೇಡ,” ಅಂದಿದ್ದರು ಹೆಡ್‌ಮಾಸ್ಟರು.

“ಅವಳ ತಾಯಿ ಬರ್ತಾಳೆ ಸಾರ್.”

“ಬರ್ಲಿ. ಅಳ್ತಾಳೆ, ಹೋಗ್ತಾಳೆ. ನಿನ್ನ ಕೆಲಸ ಹೋದ್ರೆ ನೀನು ಯಾರ ಮನೆ ಮುಂದೆ ಅಳ್ತೀಯ?”

ನಡೆದದ್ದು ಬೇರೆ.

ಒಂಬತ್ತನೇ ತರಗತಿಗೆ ವರ್ಷಕ್ಕೊಮ್ಮೆ ಗುಡ್ಡದ ಶಿಬಿರ. ಅದಕ್ಕೆ ಮೊದಲು ಒಬ್ಬೊಬ್ಬರೂ ಇಪ್ಪತ್ತು ಗಂಟೆ ಊರ ಸೇವೆ ಮಾಡಬೇಕು. ಪ್ರತಿ ಮಗುವಿಗೆ ಒಂದು ಹಳದಿ ಕಾರ್ಡು. ಮಾಡಿದ ಕೆಲಸ, ಗಂಟೆ, ಕೊನೆಗೆ ಕೆಲಸಕ್ಕೆ ಕಳಿಸಿದವರ ಸಹಿ. ಆ ವರ್ಷದ ಕೆಲಸ, ಕಾಲುದಾರಿಯ ಕಲ್ಲುಗಳ ಮೇಲೆ ಬಿಳಿ ಬಾಣ ಬರೆಯುವುದು. ಕತ್ತಲಲ್ಲಿ ಯಾರೂ ದಾರಿ ತಪ್ಪಬಾರದು ಅಂತ. ಮಕ್ಕಳು ನಾಲ್ಕು ಬಾಣ ಬರೆದು ಚೆಂಡಾಟಕ್ಕೆ ಇಳಿದರು. ಕಾರ್ಡಿನಲ್ಲಿ ಇಪ್ಪತ್ತು ಅಂತ ತುಂಬಿದರು. ಶಿಬಿರದ ಸಂಜೆ ಮೇಷ್ಟ್ರು ಒಂದೊಂದೇ ಕಾರ್ಡನ್ನು ತೊಡೆ ಮೇಲಿಟ್ಟುಕೊಂಡು ಸಹಿ ಹಾಕುತ್ತ ಹೋದ. ಓದದೆ. ಯಾರು ಏನು ಹಿಡಿದರೂ ಅವನು ಹಾಗೇ.

ಮೂವತ್ತೊಂದರ ಕಾರ್ಡು ಬಂದಾಗ ಮಾತ್ರ ಪಕ್ಕದ ಹುಡುಗ ಬಾಯಿ ಹಾಕಿದ. “ಸಾರ್, ಇವಳದು ಹದಿನೆಂಟೇ.”

“ಎರಡು ಕಮ್ಮಿ ಯಾಕೆ?”

“ಅಷ್ಟೇ ಮಾಡಿದ್ದು ಸಾರ್.”

“ಎಲ್ಲರೂ ಇಪ್ಪತ್ತು ಮಾಡಿದಾರೆ. ನಿನ್ನ ಕೈ ಸವೆದು ಹೋಗ್ತಿತ್ತಾ?”

“ಯಾರೂ ಮಾಡಿಲ್ಲ ಸಾರ್. ಬಾವಿ ಹತ್ರ ಒಂದು ಬಾಣಾನೂ ಇಲ್ಲ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಿದ್ಲು ನೋಡ್ರೋ.” ನಗು ಹಬ್ಬಿತು. ಮೇಷ್ಟ್ರ ಕಿವಿ ಬಿಸಿಯಾಯಿತು.

“ಹಾಗಾದ್ರೆ ನೀನೇ ಹೋಗಿ ಬರಿ. ಮುಗಿಸ್ಕೊಂಡು ಬಾ. ಆಮೇಲೆ ಸಹಿ.”

ಆಗಲೇ ಮಬ್ಬುಗತ್ತಲೆ. ಕಾರ್ಡು ವಾಪಸ್ಸು ತಗೊಂಡು, ಡಬ್ಬ, ಕುಂಚ ಹಿಡಿದು ಹೋದಳು. ಒಬ್ಬಳೇ. ಟಾರ್ಚು ಕೊಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಬಾವಿಗೆ ಕಟ್ಟೆ ಇರಲಿಲ್ಲ. ಹುಲ್ಲು ಬಾಯಿ ಮುಚ್ಚಿತ್ತು.

ಆಮೇಲೆ ಉಳಿದ ಮಕ್ಕಳು ತುಟಿ ಬಿಚ್ಚಲಿಲ್ಲ. ಅವರ ಕಾರ್ಡಿನಲ್ಲೂ ಸುಳ್ಳಿತ್ತಲ್ಲ.

ಇದೆಲ್ಲ ತಲೆಯಲ್ಲಿಟ್ಟುಕೊಂಡೇ ಅವನು ಆ ರಾತ್ರಿ ನಡೆಯುತ್ತಿದ್ದ. ಬಾವಿ ಇಪ್ಪತ್ತು ಹೆಜ್ಜೆ ಇರುವಾಗ ಜೀರುಂಡೆಗಳ ಸದ್ದು ನಿಂತಿತು. ಒಟ್ಟಿಗೆ. ಬಾಯಿಗೆ ಕೈ ಇಟ್ಟ ಹಾಗೆ.

ಸರ್ಕ್… ಸರ್ಕ್…

ಒದ್ದೆ ಕುಂಚವನ್ನು ಒರಟು ಕಲ್ಲಿನ ಮೇಲೆ ಎಳೆಯುವ ಸದ್ದು. ನಡುವೆ ಟಣ್… ಟಣ್… ಡಬ್ಬದ ಅಂಚಿಗೆ ಎರಡು ಸಲ ಬಡಿದು ಹೆಚ್ಚಾದ ಬಣ್ಣ ಇಳಿಸುವುದು. ಹಾಗೆ ಬಡಿಯಲು ಕಲಿಸಿದವನು ಅವನೇ.

“ಯಾರದು?”

ಸದ್ದು ನಿಂತಿತು.

“ಮೂವತ್ತೊಂದು, ಸಾರ್…”

ಸೀಟಿ ಬಾಯಿಗಿಟ್ಟ. ಊದಿದ. ಸದ್ದು ಬರಲಿಲ್ಲ.

“ಇಪ್ಪತ್ತು ಆಯ್ತು ಸಾರ್.” ಪಿಸುದನಿ. ಹತ್ತಿರದಿಂದ.

“ಮನೆಗೆ ಹೋಗಮ್ಮ…” ಬಾಯಿಗೆ ಬಂದದ್ದು ಅದೊಂದೇ.

“ಸಹಿ ಇಲ್ದೆ ಹೇಗೆ ಹೋಗ್ಲಿ ಸಾರ್? ನೀವೇ ಅಂದ್ರಲ್ಲ.”

ಕತ್ತಲಲ್ಲಿ ಹಳದಿ ಕಾರ್ಡು ಮುಂದೆ ಬಂತು. ಹಿಡಿದ ಕೈ ಕಾಣಲಿಲ್ಲ. ಅವನ ಕೈ ತಾನಾಗಿ ಪೆನ್ನಿಗೆ ಹೋಯಿತು. ಕುಕ್ಕರಿಸಿದ. ಕಾರ್ಡು ತೊಡೆ ಮೇಲಿಟ್ಟುಕೊಂಡ. ಸಹಿ. ಕೆಳಗೆ ತಾರೀಖು. ಇಪ್ಪತ್ತೆರಡು ವರ್ಷದ ರೂಢಿ.

“ಬರ್ತೀನಿ ಸಾರ್.”

ಡಬ್ಬದ ಹಿಡಿ ಕಿರ್ರ್… ಕಿರ್ರ್… ಅನ್ನುತ್ತ ದೂರವಾಯಿತು. ದಾರಿಯ ಕಡೆಗಲ್ಲ. ಕೆಳಕ್ಕೆ. ಕೊನೆಗೆ ಒಂದೇ ಸಲ… ಗುಳಕ್.

ಜೀರುಂಡೆಗಳು ಮತ್ತೆ ಕೂಗತೊಡಗಿದವು.

ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ನಿಜ ಹೇಳಿಬಿಡುತ್ತೇನೆ ಅಂತ ಹೆಂಡತಿಯ ಮುಂದೆ ನಾಲ್ಕು ಸಲ ಅಂದ. ಆದರೆ ರಾತ್ರಿಯ ಹೆದರಿಕೆ ಬೇರೆ, ಹಗಲಿನ ಹೆದರಿಕೆ ಬೇರೆ. ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಹೇಳಿಕೆ ಓದಿದ.

ತಾಯಿ ಎದುರಿಗೆ ಕೂತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವವಳು. ಬೆರಳೆಲ್ಲ ಬಿರಿದಿದ್ದವು.

“ಒಂದು ಮಾತು ಕೇಳ್ಲಾ ಮೇಷ್ಟ್ರೇ? ನೀವು ಕಳಿಸಿದ್ರಾ?”

“ಇಲ್ಲಮ್ಮ. ತಾನೇ ಹೋದ್ಲು.”

ಆಕೆ ಅಳಲಿಲ್ಲ. ಸೆರಗಿನಿಂದ ಅಂಚಿಗೆ ಬಿಳಿ ಬಣ್ಣ ತಾಗಿದ ಹಳದಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. “ಬೆಳಗ್ಗೆ ಬಾಗಿಲು ತೆಗೆದ್ರೆ ಹೊಸಿಲ ಮೇಲಿತ್ತು.”

ವಿಚಾರಣೆಯ ಅಧಿಕಾರಿ ಕನ್ನಡಕ ಏರಿಸಿ ಓದಿದ. “ಬಾವಿ ಹತ್ತಿರ ಬಾಣ. ಒಟ್ಟು ಇಪ್ಪತ್ತು ಗಂಟೆ. ಕೆಲಸಕ್ಕೆ ಕಳಿಸಿದವರು… ಇದು ನಿಮ್ಮ ಸಹಿ ಅಲ್ವೇನ್ರಿ?”

ಹೆಡ್‌ಮಾಸ್ಟರು ಬಗ್ಗಿ ಕಾರ್ಡಿನ ಮೂಲೆಗೆ ಬೆರಳಿಟ್ಟರು. “ತಾರೀಖು ನೋಡಿ ಸಾರ್.”

“ನಿನ್ನೇದು.” ಅಧಿಕಾರಿ ಕಾರ್ಡು ಹಿಂದಕ್ಕೆ ತಳ್ಳಿದ. “ಮಗು ತೀರಿಕೊಂಡು ಹನ್ನೆರಡು ದಿನ ಆಯ್ತಲ್ಲಮ್ಮ. ಇದು ನಡೆಯೋಲ್ಲ.”

“ಸಹಿ ಅವರದೇ ತಾನೇ ಸ್ವಾಮಿ?”

“ತಾರೀಖು ಸರಿ ಇಲ್ವಲ್ಲಮ್ಮ.”

ಕಡತ ಮುಚ್ಚಿದರು. ‘ತಾನಾಗಿಯೇ ಹೋದಳು’ ಅಂತ ಬರೆದದ್ದು ಹಾಗೇ ಉಳಿಯಿತು. ಆಕೆ ಕಾರ್ಡನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದಳು. ಅದೇ ವಾರ ದನ ಮೇಯಿಸುವವರು ನೋಡಿ ಹೇಳಿದರು, ಬಾವಿಯ ಸುತ್ತ ಕಲ್ಲಿಗೊಂದು ಬಿಳಿ ಬಾಣ. ಬರೆದವರು ಯಾರು ಅಂತ ಶಾಲೆಯವರು ಕೇಳಲಿಲ್ಲ.

ಅಕ್ಕನ ಮಗ ಈಗ ಅದೇ ಶಾಲೆಗೆ ಹೆಡ್‌ಮಾಸ್ಟರು. ಪೆನ್ನು ಮುಟ್ಟುವುದಿಲ್ಲ. ಎಲ್ಲದಕ್ಕೂ ಗುಮಾಸ್ತನ ಕೈಯಲ್ಲಿ ಮೊಹರು ಒತ್ತಿಸುತ್ತಾನೆ. ಇದನ್ನು ಅವನೇ ನನಗೆ ಒಂದು ರಾತ್ರಿ ಹೇಳಿದ್ದು. ನಾನು ನಂಬಲಿಲ್ಲ. ಆ ತಾಯಿಯ ಮನೆ ಹುಡುಕಿಕೊಂಡು ಹೋದೆ. ಕೇಳಿದ್ದಕ್ಕೆ ಕಾರ್ಡು ಕೈಗಿಟ್ಟಳು. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ. ಒಂಬತ್ತು ವರ್ಷ ಆಗಿತ್ತು. ಅಂಚಿನ ಬಿಳಿ ಬಣ್ಣ ನನ್ನ ಹೆಬ್ಬೆರಳಿಗೆ ಅಂಟಿತು.