ಏರಿನಲ್ಲಿ ಮಾತಿಲ್ಲ

ರೋಲಂಡ್ ಸಟ್‌ಕ್ಲಿಫ್ ತೀರಿಕೊಂಡ ಸುದ್ದಿ ಷೆಡ್ಡಿಗೆ ಮುಟ್ಟಿದ್ದು ಶನಿವಾರ ಸಂಜೆ, ಎಲ್ಲರೂ ಕೈಗಂಟಿದ ಗ್ರೀಸು ಒರೆಸಿಕೊಂಡು ಚಹಾಕ್ಕೆ ಕೂತಿದ್ದಾಗ. ಯಾರ್ಕ್‌ಶೈರಿನ ಆ ಗಿರಣಿ ಊರಿಗೆ ಬೆಳಗಿನಿಂದ ಮಳೆ ಹಿಡಿದಿತ್ತು. ತಗಡಿನ ಮಾಡಿನ ಮೇಲೆ ಅದರ ಸದ್ದು ಎಷ್ಟಿತ್ತೆಂದರೆ, ಡೆನಿಸ್ ಬಾಗಿಲು ದೂಡಿಕೊಂಡು ಬಂದು ಹೇಳಿದ ಮಾತು ಮೊದಲ ಸಲ ಯಾರಿಗೂ ಕೇಳಿಸಲಿಲ್ಲ.

“ರೋಲಂಡ ಹೋದ ಅಂದೆ!” ಅವನು ಟೋಪಿಯ ನೀರು ಕೊಡವಿದ. “ಆಸ್ಪತ್ರೆಯಲ್ಲಿ. ನರ್ಸು ಏನೋ ಮಾತಾಡಿಸೋಕೆ ಹೋದಳಂತೆ. ಬೆರಳು ತುಟಿಗಿಟ್ಟು, ಸುಮ್ಮನಿರು ಅಂತ ಸನ್ನೆ ಮಾಡಿದನಂತೆ. ಅಷ್ಟೇ. ಕಣ್ಣು ಮುಚ್ಚಿದ.”

“ಯಾವಾಗ?” ಎಂದರು ಮುದುಕ ಆಮೋಸ್ ಕ್ಲೆಗ್.

“ಮಧ್ಯಾಹ್ನ, ಊಟದ ಹೊತ್ತಿಗೆ.”

ಆಮೋಸ್ ಚಹಾದ ಬಟ್ಟಲು ಕೆಳಗಿಟ್ಟರು. ಸತ್ತವರಿಗೆಲ್ಲ ಚಾಪೆಲಿನಲ್ಲಿ, ಊರಿನ ಆ ಸಣ್ಣ ಇಗರ್ಜಿಯಲ್ಲಿ, ಪ್ರಾರ್ಥನೆ ಹೇಳುತ್ತಾ ಬಂದ ಹಿರಿಯರು ಅವರು. ಹಳೆಯ ಬಸ್ಸುಗಳನ್ನು ಕಾಪಾಡುವ ಈ ಬಳಗದಲ್ಲೂ ಅವರಿಗಿಂತ ಹಿರಿಯರು ಉಳಿದಿರಲಿಲ್ಲ. ಅವರ ಕಣ್ಣು ಷೆಡ್ಡಿನ ಕೊನೆಯಲ್ಲಿ ನಿಂತಿದ್ದ ಕೆಂಪು ಡಬಲ್ ಡೆಕ್ಕರಿನ ಕಡೆ ಹೋಯಿತು. ಅದನ್ನು ಎಲ್ಲರೂ ಅದರ ನಂಬರಿನಿಂದಲೇ ಕರೆಯುವುದು, ಇಪ್ಪತ್ತೇಳು ಅಂತ.

“ಆ ಮನುಷ್ಯ ಒಂದು ಮಾತಾಡಿದ್ದೂ ನಾನು ಕೇಳಿಲ್ಲ. ಹುಟ್ಟು ಮೂಗನೇ?” ಎಂದು ಕೇಳಿದಳು ಡಾಫ್ನಿ. ಅವಳು ಬಳಗಕ್ಕೆ ಸೇರಿದ್ದು ಈ ವಸಂತದಲ್ಲಿ.

“ಮೂಗನೇ!” ಡೆನಿಸ್ ನಕ್ಕ. “ಅವನು ಕಂಡಕ್ಟರಾಗಿದ್ದಾಗ ಅವನ ಬಾಯಿಗೆ ಹೆದರಿ ಜನ ನಡ್ಕೊಂಡು ಹೋಗ್ತಿದ್ರು ಕಣಮ್ಮಾ.”

“ಡೆನಿಸ್, ಬಾಗಿಲು ಹಾಕು,” ಎಂದರು ಆಮೋಸ್. “ಎಲ್ಲರೂ ಹತ್ತಿರ ಬನ್ನಿ. ಗಟ್ಟಿಯಾಗಿ ಹೇಳೋ ಕತೆಯಲ್ಲ ಇದು.”

ಅವರು ಕುರ್ಚಿಗಳನ್ನು ಎಳೆದುಕೊಂಡು ಬಂದರು. ಮುದುಕರು ಶುರುಮಾಡಿದರು.

“ನೋಡು ಡಾಫ್ನಿ... ಕ್ರಿಂಬಲ್ ಏರು ಹತ್ತುವಾಗ ನಮ್ಮ ಯಾವ ಬಸ್ಸಿನಲ್ಲೂ ಯಾರೂ ಮಾತಾಡಬಾರದು ಅಂತ ನಿನಗೆ ಮೊದಲನೇ ದಿನವೇ ಹೇಳಿದ್ರು, ಅಲ್ವಾ? ನೀನು ಕೆಮ್ಮಿದ್ದಕ್ಕೆ ಡೆನಿಸ್ ಗುರ್ ಅಂತ ನೋಡಿದ. ಆ ನಿಯಮ ಮಾಡಿದವನು ಪರ್ಸಿ ಅಕ್ರಾಯ್ಡ್. ಪರ್ಸಿ ಡ್ರೈವರು, ರೋಲಂಡ ಕಂಡಕ್ಟರು, ಇಬ್ಬರಿಗೂ ಇದೇ ಇಪ್ಪತ್ತೇಳು. ರೋಲಂಡ ಹಿಂದಿನಿಂದ ಗಂಟೆ ಎರಡು ಸಲ ಹೊಡೆದ ಅಂದ್ರೆ ಹೊರಡು ಅಂತ, ಪರ್ಸಿ ಹೊರಡೋದು. ಹೀಗೇ ಅರ್ಧ ಆಯುಷ್ಯ ಕಳೆದ್ರು. ಊರಿನವರು ಹಳೇ ಬಸ್ಸುಗಳನ್ನೆಲ್ಲ ಗುಜರಿಗೆ ಹಾಕಿದಾಗ ಇವಳನ್ನ, ಈ ಇಪ್ಪತ್ತೇಳನ್ನ, ಕೈಹಿಡಿದು ಕರ್ಕೊಂಡು ಬಂದವರೂ ಅವರಿಬ್ಬರೇ.

“ಇವಳ ದನಿ ಇತ್ತಲ್ಲ, ಆ ದನಿ ಇನ್ಯಾವ ಲೇಲ್ಯಾಂಡ್ ಬಸ್ಸಿಗೂ ಇರಲಿಲ್ಲ. ಎರಡನೇ ಗೇರಿಗೆ ಬಿದ್ದು ಏರು ಹಿಡಿದಳು ಅಂದ್ರೆ ಮೊದಲು ಕೆಟಲು ಕುದಿಯೋಕೆ ಮುಂಚೆ ಗುನುಗುತ್ತಲ್ಲ ಹಾಗೆ, ಆಮೇಲೆ ಹಾರ್ಮೋನಿಯಮ್ಮಿನ ಹಾಗೆ, ಚಾಪೆಲಿನ ತಿರುವಿಗೆ ಬರೋ ಹೊತ್ತಿಗೆ ಯಾರೋ ಹೆಂಗಸು ಗಂಟಲು ಬಿಟ್ಟು ಹಾಡಿದ ಹಾಗೆ... ಮತ್ತೆ ನಡುನಡುವೆ ಒಂದು ಬಿಕ್ಕು. ಗೇರ್ ಬಾಕ್ಸಿನಲ್ಲಿ ಒಂದು ಹಲ್ಲು ಮುಕ್ಕಾಗಿತ್ತು, ಅದರ ಬಿಕ್ಕು. ಇಲ್ಲಿಗೆ ಬಂದ ಮೇಲೆ ಸ್ಟಿಯರಿಂಗ್ ರೋಲಂಡನಿಗೆ ಬಿಟ್ಟು ಪರ್ಸಿ ಟೇಪ್ ರೆಕಾರ್ಡರು ಹಿಡಿದು ಕೆಳಗಿನ ಸೀಟಿನ ಹತ್ತಿರ ಬಗ್ಗಿ ಕೂರೋನು. ಯಾರಾದ್ರೂ ಬಾಯಿ ತೆರೆದರೋ, ಶ್... ಅನ್ನೋನು. ಪಾದ್ರಿಗೂ ಅಂದಿದ್ದಾನೆ. ಮೇಲೆ ಮುಟ್ಟಿದ ಮೇಲೆ, ‘ಆಯ್ತು, ಉಸಿರು ಬಿಡಿ’ ಅನ್ನೋನು. ಆಗ ಎಲ್ಲರೂ ನಗೋದು, ಮಾತು, ಗದ್ದಲ. ಆ ಮಾತು ಅವನ ಬಾಯಿಂದ ಬರೋ ತನಕ ಏರು ಮುಗಿದ ಹಾಗಲ್ಲ.

“ಅವನ ಹೆಂಡತಿ ಹಿಲ್ಡಾ. ಅಡುಗೆಮನೆಯಲ್ಲಿ ಹಗಲೆಲ್ಲ ಅದೇ ಟೇಪು. ‘ಗಂಡನ ದನಿಗಿಂತ ಆ ಮುದುಕಿಯ ದನಿಯೇ ನನಗೆ ಹೆಚ್ಚು ಗೊತ್ತು’ ಅಂತ ಬೈಕೊಂಡು ಆಲೂಗಡ್ಡೆ ಹೆರೆಯೋಳು. ಆದರೆ ಒಂದು ದಿನ ಟೇಪು ಹಾಕದೆ ಇದ್ರೆ, ‘ಏನು, ಜಗಳವಾ?’ ಅಂತ ತಾನೇ ಕೇಳೋಳು.

“ಪರ್ಸಿ ಹಾಸಿಗೆ ಹಿಡಿದ. ಇನ್ನು ಏಳೋದಿಲ್ಲ ಅಂತ ಅವನಿಗೂ ಗೊತ್ತಾಯ್ತು. ರೋಲಂಡನ ಕೈ ಹಿಡ್ಕೊಂಡು ಹೇಳಿದ, ಹಿಲ್ಡಾ ಅಲ್ಲೇ ಕೂತಿದ್ದಳು. ‘ಮೇಲಿನ ಸ್ಮಶಾನಕ್ಕೆ ನನ್ನನ್ನ ಇಪ್ಪತ್ತೇಳರಲ್ಲೇ ಏರು ಹತ್ತಿಸು ಮಾರಾಯ. ಹೂವು ಬೇಡ, ಏನೂ ಬೇಡ. ಅವಳ ದನಿ ಕೇಳ್ಕೊಂಡು ಹೋಗ್ತೀನಿ. ಅಲ್ಲಿ ತನಕ ಅವಳ ಹೊಟ್ಟೆಗೆ ಯಾರೂ ಕೈ ಹಾಕಬಾರದು.’ ರೋಲಂಡ ಏನಂದ? ‘ದೇವರಾಣೆಗೂ’ ಅಂದ. ಕಣ್ಣಲ್ಲಿ ನೀರು ಬೇರೆ. ಅವನ ಉಗುರಿನ ಸಂದಿಯಲ್ಲಿ ಕರಿ ಎಣ್ಣೆ ಇದ್ದದ್ದನ್ನ ಹಿಲ್ಡಾ ನೋಡಿದಳು. ಬಸ್ಸಿನವರ ಉಗುರು, ಇನ್ನು ಹೇಗಿರುತ್ತೆ? ಅಂದುಕೊಂಡು ಸುಮ್ಮನಾದಳು.

“ಪರ್ಸಿ ಹೋದ. ಕೆಳಗಿನ ಸೀಟುಗಳನ್ನ ಬಿಚ್ಚಿ ಅವನ ಪೆಟ್ಟಿಗೆ ಇಟ್ಟೆವು. ಪೆಟ್ಟಿಗೆಯ ಪಕ್ಕ ಹಿಲ್ಡಾ, ಮೇಲೆ ನಾವೆಲ್ಲ, ಕೈಯಲ್ಲಿ ರೆಕಾರ್ಡರು. ಸ್ಟಿಯರಿಂಗ್ ರೋಲಂಡನ ಕೈಲಿ. ಊರು ದಾಟಿದೆವು, ಏರಿನ ಬುಡ ಬಂತು, ಯಾರೂ ಹೇಳದೆಯೇ ಎಲ್ಲರ ಬಾಯಿ ಮುಚ್ಚಿತು. ಎರಡನೇ ಗೇರು ಬಿತ್ತು...

“ಬಿಕ್ಕು ಇಲ್ಲ.

“ಹಾಡೂ ಇಲ್ಲ. ಯಾವುದೋ ಬೇರೆ ಬಸ್ಸಿನ ಒರಟು ಗೊರಗೊರ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರು ಬಾಯಿ ಬಿಡ್ತಾರೆ? ಏರಿನಲ್ಲಿ ಮಾತಿಲ್ಲವಲ್ಲ! ನಾನು ಮೆಟ್ಟಿಲಿಂದ ಬಗ್ಗಿ ನೋಡಿದೆ. ಕೆಳಗೆ ಹಿಲ್ಡಾ ಏನು ಮಾಡಿದಳು ಗೊತ್ತಾ? ಪೆಟ್ಟಿಗೆಯ ತಲೆ ಕಡೆ, ಕಿವಿ ಇರೋ ಜಾಗದಲ್ಲಿ, ಎರಡೂ ಅಂಗೈ ಇಟ್ಟು ಮುಚ್ಚಿದಳು. ಕೇಳದಿರಲಿ ಅಂತ. ಮೇಲೆ ಮುಟ್ಟಿದೆವು. ‘ಉಸಿರು ಬಿಡಿ’ ಅನ್ನೋರು ಯಾರು? ಯಾರೂ ಅನ್ನಲಿಲ್ಲ.

“ಮಣ್ಣು ಮಾಡಿ ಬಂದು ಚಾಪೆಲಿನ ಕೋಣೆಯಲ್ಲಿ ಚಹಾಕ್ಕೆ ಕೂತಾಗ, ಹಿಲ್ಡಾ ತಾನೇ ಬಟ್ಟಲು ತಂದು ರೋಲಂಡನ ಮುಂದೆ ಇಟ್ಟಳು. ‘ಸಕ್ಕರೆ ಎರಡು ಚಮಚ ತಾನೇ? ನೋಡು ರೋಲಂಡ್, ನಿನ್ನ ಸಕ್ಕರೆ ನನಗೆ ನೆನಪಿದೆ. ಅವನು ನಿನ್ನ ಹತ್ತಿರ ಕೇಳಿದ್ದು ಒಂದೇ ಒಂದು.’

“ರೋಲಂಡ ತಲೆ ಎತ್ತಲಿಲ್ಲ. ಅವನಿಗೆ ತನ್ನದೇ ಅಂತ ಇನ್ನೊಂದು ಬಸ್ಸಿತ್ತು, ನಲವತ್ತೊಂದು. ಬೇಸಿಗೆಯ ಬಸ್ಸು ಮೇಳ ಹತ್ತಿರ ಬಂದಿತ್ತು, ಅದರ ಗೇರ್ ಬಾಕ್ಸು ಸವೆದು ಇನ್ನೇನು ಕೈಕೊಡೋ ಹಾಗಿತ್ತು, ದೇಶ ಹುಡುಕಿದರೂ ಇನ್ನೊಂದು ಸಿಗಲಿಲ್ಲ. ‘ನನ್ನದು ಇಪ್ಪತ್ತೇಳಕ್ಕೆ ಹಾಕಿ ಅವಳದ್ದು ತಗೊಂಡೆ. ಆಣೆ ಹಾಕೋ ಹೊತ್ತಿಗೆ ಬಿಚ್ಚಿ ಆಗಿತ್ತು, ಹೇಗೆ ಹೇಳಲಿ?’ ಅಂದ. ಆಮೇಲೆ ಆ ಮಾತು ಅಂದ. ‘ಎಷ್ಟಂದ್ರೂ ಸತ್ತವನಿಗೆ ಏನು ಕೇಳಿಸುತ್ತೆ ಹಿಲ್ಡಾ?’

“‘ಕೇಳಿಸಲ್ಲ ಅಂತ ನಿನಗೆ ಯಾರು ಹೇಳಿದ್ರು?’ ಅಂದಳು ಅವಳು.

“ಮೇಳದ ದಿನ ರೋಲಂಡ ನಲವತ್ತೊಂದನ್ನ ಏರಿಗೆ ತಂದ. ಹಿಲ್ಡಾ ಕೊಡೆ ಹಿಡಿದು ಚಾಪೆಲಿನ ತಿರುವಿನಲ್ಲಿ ನಿಂತಿದ್ದಳು. ಕಳ್ಳತನದ್ದಾದರೂ ಆ ದನಿ ಒಂದು ಸಲ ಕೇಳ್ತೀನಿ ಅಂತ. ಬಸ್ಸು ಬಂತು... ಹೇಗೆ ಬಂತು? ಹತ್ತಿಯ ಮೇಲೆ ಉರುಳಿದ ಹಾಗೆ ಬಂತು. ಒಳಗೆ ಅದೇ ಗೇರ್ ಬಾಕ್ಸು, ಅದೇ ಎರಡನೇ ಗೇರು, ಸದ್ದು ಮಾತ್ರ ಇಲ್ಲ! ಮಳೆ ಒರೆಸೋ ಕಡ್ಡಿಯ ಟಕಟಕ ಕೇಳುತ್ತೆ, ಒಳಗಿರೋರ ಉಸಿರು ಕೇಳುತ್ತೆ, ಬಸ್ಸು ಮಾತ್ರ ಕೇಳಿಸಲ್ಲ. ಅವಳ ಎದುರಿಗೆ ಬಂದು, ತಿರುವಿನಲ್ಲಿ, ಧಡ್ ಅಂತ ನಿಂತುಬಿಡ್ತು. ಬಿಚ್ಚಿ ನೋಡಿದರೆ ಒಳಗೆ ಒಂದು ಹಲ್ಲೂ ನೆಟ್ಟಗೆ ಉಳಿದಿಲ್ಲ. ಎಲ್ಲ ಚೂರು. ಮುಗೀತಲ್ಲ... ವಾಪಸು ಕೊಡ್ತೀನಿ ಅಂದ್ರೂ ಕೊಡೋಕೆ ಏನಿದೆ?

“ಹಿಲ್ಡಾ ಸೀದಾ ಇಲ್ಲಿಗೆ ಬಂದಳು. ‘ಆಮೋಸ್, ಕಳ್ಳನ ಕರುಳು ಇವಳ ಹೊಟ್ಟೆಯಲ್ಲಿ ಬೇಡ. ತೆಗೀರಿ’ ಅಂದಳು. ರೋಲಂಡನ ಆ ಗೇರ್ ಬಾಕ್ಸನ್ನ ತೆಗೆದೆವು. ಅವತ್ತಿನಿಂದ ಇಪ್ಪತ್ತೇಳು ಇಲ್ಲೇ ನಿಂತಿದ್ದಾಳೆ, ಹೊಟ್ಟೆ ಖಾಲಿ. ಬೇಕಾದರೆ ಬಗ್ಗಿ ನೋಡು ಡಾಫ್ನಿ, ನೆಲ ಕಾಣುತ್ತೆ.”

ಡಾಫ್ನಿ ಬಗ್ಗಿ ನೋಡಲಿಲ್ಲ.

“ಆ ವರ್ಷ ಎಲೆ ಉದುರೋ ಕಾಲ. ಇಂಥದ್ದೇ ಮಳೆ, ಇದೇ ಚಹಾದ ಹೊತ್ತು. ಮೊದಲು ಕೆಟಲು ಅಂದುಕೊಂಡೆವು. ಕೆಟಲು ತಣ್ಣಗಿತ್ತು. ಗುನುಗು ಏರ್ತಾ ಬಂತು, ಹಾರ್ಮೋನಿಯಮ್ಮು ಆಯ್ತು, ಬಿಕ್ಕು ಬಂತು... ಇವಳ ಅಡಿಯಿಂದ! ಅಲ್ಲಿ ಏನಿದೆ ಹಾಡೋಕೆ? ನಾನು ದೀಪ ಹಿಡಿದು ಕೆಳಗೆ ತೂರಿಸಿದೆ. ಒದ್ದೆ ನೆಲ, ಅಷ್ಟೇ. ದನಿ ನನ್ನ ತಲೆಯ ಮೇಲೇ ಹಾದು ಹೋಗ್ತಿತ್ತು.

“ಹಿಲ್ಡಾಳನ್ನ ಕರೆಸಿದೆವು. ಅವಳು ಪೆಟ್ಟಿಗೆ ಇಟ್ಟಿದ್ದ ಜಾಗದ ಪಕ್ಕ ಕೂತು, ಕಣ್ಣು ಮುಚ್ಚಿ, ತುಂಬ ಹೊತ್ತು ಕೇಳಿದಳು. ‘ಅವನು ತಿರುವು ದಾಟ್ತಾ ಇಲ್ಲ ಆಮೋಸ್’ ಅಂದಳು. ನಿಜ. ದನಿ ಚಾಪೆಲಿನ ತಿರುವಿನ ತನಕ, ಆ ಹೆಂಗಸು ಗಂಟಲು ಬಿಡೋ ತನಕ, ಬರೋದು, ಅಲ್ಲಿ ಕಡೀತಿತ್ತು. ಮತ್ತೆ ಬುಡದಿಂದ. ಮತ್ತೆ ತಿರುವು. ಅವಳು ಬದುಕಿರೋ ತನಕ ಮಳೆ ಬಂದಾಗಲೆಲ್ಲ ಫ್ಲಾಸ್ಕು ಹಿಡ್ಕೊಂಡು ಬಂದು ಅಲ್ಲೇ ಕೂರೋಳು. ‘ಒಬ್ಬನೇ ಹತ್ತೋದು ಬೇಡ’ ಅನ್ನೋಳು.

“ಸುದ್ದಿ ರೋಲಂಡನ ಕಿವಿಗೂ ಬಿತ್ತು. ಒಂದು ಭಾನುವಾರ, ಚಾಪೆಲು ಮುಗಿದ ಮೇಲೆ, ಮಳೆಯಲ್ಲಿ ನೆನೆದು ಬಂದ. ‘ಗಾಳಿ ಕಣ್ರೋ, ಮುದುಕರೆಲ್ಲ ಸೇರಿ ಗಾಳಿಗೆ ಹೆದರ್ತೀರಿ’ ಅಂತ ನಗ್ತಾ ಹತ್ತಿದ. ಹಿಲ್ಡಾ ಎದುರಿಗೇ ಕೂತಿದ್ದಳು, ಸರಿದು ಜಾಗ ಕೊಟ್ಟಳು. ದನಿ ಶುರುವಾಯ್ತು. ಅವನ ನಗು ನಿಂತಿತು. ಬಿಕ್ಕು ಕೇಳಿದ್ದೇ ತಡ ಮುಖ ಸುಣ್ಣ ಆಯ್ತು. ತಿರುವು ಬಂತು ಅನ್ನುವಾಗ ತಡೆಯಲಾರದೆ ಎದ್ದು ನಿಂತು ಕೂಗಿದ. ‘ಆಯ್ತು ಪರ್ಸಿ! ಆಯ್ತು! ಉಸಿರು ಬಿಡು!’

“ಆಗ ಅವನ ಕಿವಿಯ ಹತ್ತಿರ...

“ಶ್...

“ಹಿಲ್ಡಾ ಅನ್ನಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ನಾನೂ ಅನ್ನಲಿಲ್ಲ. ಆ ‘ಶ್’ ನಮಗೆ ಗೊತ್ತಿದ್ದ ‘ಶ್’. ರೋಲಂಡನ ಬಾಯಿ ಹಾಗೇ ಮುಚ್ಚಿತು. ಆಮೇಲೆ ಮಾತಿಗೆ ತೆರೆಯಲೇ ಇಲ್ಲ. ಡಾಕ್ಟರುಗಳು ಗಂಟಲಿಗೆ ದೀಪ ಹಾಕಿ ನೋಡಿದರು, ಎಲ್ಲ ಸರಿಯಾಗೇ ಇದೆ ಅಂದ್ರು. ಮಾಂಸದ ಅಂಗಡಿಯಲ್ಲಿ ಬೆರಳು ತೋರಿಸಿ ಕೊಳ್ಳೋನು. ಚಾಪೆಲಿನಲ್ಲಿ ಕೀರ್ತನೆಗೆ ಎದ್ದು ನಿಲ್ಲೋನು, ತುಟಿ ಅಲ್ಲಾಡ್ತಿರಲಿಲ್ಲ. ಹೇಗೆ ಅಲ್ಲಾಡುತ್ತೆ ಹೇಳಿ? ಏರು ಮುಗಿದಿರಲಿಲ್ಲವಲ್ಲ...”

ಮಾಡಿನ ಮೇಲೆ ಮಳೆ ಇನ್ನೂ ಜೋರಾಯಿತು. ಡೆನಿಸ್ ಈಗ ನಗುತ್ತಿರಲಿಲ್ಲ.

“ಹಾಗಾದ್ರೆ ಇನ್ನು ಮುಗೀತು ಬಿಡಿ ಅಜ್ಜ,” ಎಂದ. “ರೋಲಂಡನೂ ಹೋದನಲ್ಲ. ಇನ್ನು ಯಾರ ಮೇಲೆ ಸಿಟ್ಟು ಪರ್ಸಿಗೆ?”

ಆಮೋಸ್ ಇಪ್ಪತ್ತೇಳರ ಕಡೆ ತಿರುಗಿದರು.

“ನಾನೂ ಹಾಗೇ ಅಂದ್ಕೊಳ್ತಿದ್ದೆ,” ಎಂದರು. “ಆದರೆ ಇವತ್ತು ಮಧ್ಯಾಹ್ನ ನೀವ್ಯಾರೂ ಬಂದಿರಲಿಲ್ಲ. ನಾನೊಬ್ಬನೇ ಇಲ್ಲಿ ಕೂತು ಬ್ರೆಡ್ಡು ಚೀಸು ತಿಂತಿದ್ದೆ. ದನಿ ಬಂತು. ಅದು ಹೊಸದಲ್ಲ, ಮಳೆ ಬಂದ್ರೆ ಬರುತ್ತೆ. ಆದರೆ ಇವತ್ತು ಅದು ಶುರುವಾಗೋಕೆ ಮೊದಲು, ಹಿಂದಿನ ಮೆಟ್ಟಿಲಿನ ಹತ್ತಿರ, ಗಂಟೆ ಹೊಡೀತು. ಎರಡು ಸಲ... ಹೊರಡು ಅಂತ. ಯಾಕೆ ಅಂತ ಆಗ ನನಗೆ ಅರ್ಥ ಆಗಲಿಲ್ಲ. ಈಗ ಡೆನಿಸ್ ಸುದ್ದಿ ತಂದ ಮೇಲೆ ಆಯ್ತು. ಕಂಡಕ್ಟರು ಹತ್ತಿದ್ದ. ಇಬ್ಬರೂ ಹೊರಟರು. ತಿರುವಿನ ತನಕ ಬಂದರು...

“ದಾಟಲಿಲ್ಲ.”

ಷೆಡ್ಡಿನ ಕೊನೆಯಲ್ಲಿ ಏನೋ ಗುನುಗಿದ ಹಾಗಾಯಿತು. ಒಲೆಯ ಮೇಲಿನ ಕೆಟಲು ಇರಬೇಕೆಂದು ಡಾಫ್ನಿ ತಿರುಗಿ ನೋಡಿದಳು. ಒಲೆ ಆರಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೋಸ್ ಮೆಲ್ಲಗೆ ಕೈ ಎತ್ತಿ ತಡೆದರು. ಆಮೇಲೆ ಟೋಪಿ ತೆಗೆದು, ತಲೆ ಬಾಗಿಸಿ, ತಮಗೆ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಹೇಳಿಕೊಂಡರು:

“ತಂದೆಯೇ, ಕೊಟ್ಟ ಮಾತು ಮುರಿದವನೂ ನಿನ್ನ ಮಗನೇ, ಮಾತು ಮುರಿಸಿಕೊಂಡು ನೊಂದವನೂ ನಿನ್ನ ಮಗನೇ. ಇವನಿಗೆ ಕ್ಷಮೆ ಕೊಡು, ಅವನಿಗೆ ಕ್ಷಮಿಸುವ ಮನಸ್ಸು ಕೊಡು. ಇಬ್ಬರನ್ನೂ ಆ ತಿರುವು ದಾಟಿಸು. ಮೇಲೆ ಹಿಲ್ಡಾ ಕಾಯ್ತಿದ್ದಾಳೆ. ಅಲ್ಲಿ ಮುಟ್ಟಿದ ಮೇಲೆ, ಇನ್ಯಾರು ಹೇಳಿದರೂ ಅವರಿಗೆ ಸಾಲದು, ನೀನೇ ಹೇಳು ತಂದೆಯೇ... ಆಯ್ತು, ಉಸಿರು ಬಿಡಿ.”