ಇನ್ನೂರ ಮೂವತ್ತೊಂಬತ್ತನೇ ಮನಿ

...ಆ ಚೀಲ ಎತ್ತಿಕೋ ಕಸ್ತೂರಬಾಯಿ. ಗುಡಿ ದೀಪದ ಬತ್ತಿ ಸಾಲಿ ಕಟ್ಟಿ ಮ್ಯಾಲ ಇಡಬಾರದು. ನಿನ್ನ ಮನಿದು ತಗೋಬ್ಯಾಡಂತ ಪಂಚರು ಹೇಳ್ಯಾರ. ನಾ ಏನ್ ಮಾಡ್ಲಿ, ನಾ ಬರೇ ಲೆಕ್ಕದ ಮಾಸ್ತರ.

ಹಂಗ ನೋಡಬ್ಯಾಡ ತಂಗಿ. ಮಠದ ಅಯ್ಯನೋರು ಹೇಳಿದ್ದು ಊರಿಗೇ ಗೊತ್ತದ. ಹನ್ನೊಂದು ಲಕ್ಷ ಹನ್ನೊಂದು ಸಾವಿರ ಒಂದನೂರ ಹನ್ನೊಂದು ಬತ್ತಿ, ಎಲ್ಲಾ ಮನಿಯವರು ಸಮಾ ಹಂಚಿಕೊಂಡು ಹೊಸೀಬೇಕು, ಬಾಕಿ ಒಂದೂ ಉಳೀಬಾರದು. ನಿನ್ನ ಮನಿ ಬಿಟ್ರ ಇನ್ನೂರ ಮೂವತ್ತೆಂಟು, ಹಿಡದ್ರ ಇನ್ನೂರ ಮೂವತ್ತೊಂಬತ್ತು. "ರಾಚಯ್ಯ ಮಾಸ್ತರ, ಆಕಿ ಮನಿ ಹಿಡದು ಭಾಗಾ ಹಾಕಿ ನೋಡ್ರಿ, ಬಾಕಿ ಉಳೀಲಿಲ್ಲಂದ್ರ ಆಕಿನ್ನೂ ಕರಕೋತೀವಿ" ಅಂತ ಪಂಚರ ಹಿರಿಯ ವಿಶ್ವನಾಥಪ್ಪನೇ ಅಂದಿದ್ದ. ಹಾಕಿದೆ. ಭಾಗಾ ಹೋಗಲಿಲ್ಲ, ಬಾಕಿ ಉಳೀತು.

ಯಾಕ ನಗ್ತಿ?

ಹಟಮಾರಿ ಸಂಖ್ಯಾ ಅದ ತಂಗಿ ಇದು. ಒಂದರ ಪಕ್ಕಕ್ಕ ಒಂದು, ಏಳು ಸರ್ತಿ. ಕಡೀ ಅಂಕಿ ಒಂದು, ಅಂದ್ಮ್ಯಾಲ ಎರಡರಿಂದ ಹೋಗಂಗಿಲ್ಲ, ಐದರಿಂದ ಹೋಗಂಗಿಲ್ಲ. ಅಂಕಿ ಕೂಡಿಸಿದ್ರ ಏಳು, ಅದಕ್ಕ ಮೂರರಿಂದನೂ ಇಲ್ಲ. ಏಳು, ಹನ್ನೊಂದು, ಹದಿಮೂರು... ಎರಡು ವಾರ ಬರದು ಬರದು ಒರಸೀನಿ.

ಬಿಚ್ಚಬ್ಯಾಡ, ಎಷ್ಟವ ಅಂತ ನಾ ಕೇಳೇ ಇಲ್ಲ. ಹತ್ತಿ ಔರಾದ ಸಂತಿದೇನು? ಛಲೋ ಅದ... ನೂರು ನೂರರ ಕಟ್ಟು. ನಲವತ್ತಾರು ಕಟ್ಟು. ಮ್ಯಾಲ ಬಿಡಿ ನಲವತ್ತೊಂಬತ್ತು.

ನಾಲ್ಕು ಸಾವಿರದ ಆರನೂರ ನಲವತ್ತೊಂಬತ್ತು.

ಈ ಲೆಕ್ಕ ನಿನಗ ಯಾರು ಹೇಳಿದ್ರು? ...ಹೌದು, ಹೌದು. ಹೆಂಗಸರ ಸಾಲ್ಯಾಗ ಭಾಗಾಕಾರ ನಾನೇ ಕಲಿಸೀನಿ. ಆತು, ಪಂಚರ ಮುಂದ ಸುಳ್ಳು ಹೇಳೀನಿ. ಹೋಗ್ತದ. ಇನ್ನೂರ ಮೂವತ್ತೊಂಬತ್ತರಿಂದ ಹೋಗ್ತದ, ಮನಿಗಿ ನೀ ತಂದಷ್ಟೇ ಬತ್ತಿ. ಕಡೀಗಿ ಎರಡು ಸಾವಿರದ ಒಂದನೂರ ಐವತ್ತೊಂದು ಉಳೀತದ, ಒಂಬತ್ತಲೆ ಹೊಡದ್ರ ಸೊನ್ನಿ. ನಿನ್ನ ಮನಿ ಬಿಟ್ರ ನೂರಾ ಇಪ್ಪತ್ತೇಳು ಬಾಕಿ. ಸೊನ್ನಿ ಕಂಡ ಕೂಡ್ಲೆ ಒರಸಿಬಿಟ್ಟೆ.

ಯಾಕಂದ್ರ... ಅಂಜಿಕಿ. ಪೋಲೀಸ್ ಆಕ್ಷನ್ ಮುಂಚೆ ಆ ಗದ್ದಲದಾಗ, ಊರು ಲೂಟಿ ಮಾಡಾಕ ಬಂದ ಬಂದೂಕದ ರಜಾಕಾರರಿಗಿ ಊರ ಹಿಂದಿನ ದಾರಿ ತೋರಿಸಿದಾಂವ ನಿನ್ನ ಗಂಡ ಮಾಣಿಕಪ್ಪ ಅಂತ ಎಲ್ಲಾರೂ ನಂಬ್ಯಾರ. ಆ ಮಾತು ಕೇಳಿ ಕೇಳಿ ಅಂವಾ ಸವದು ಸತ್ತ. ಆ ಗದ್ದಲ ಆಗಿ ಆರು ವರ್ಷ ಆತು, ಇನ್ನೂ ನಿನ್ನ ಮನಿ ನೀರು ಯಾರೂ ಕುಡಿಯಂಗಿಲ್ಲ. ನಿನ್ನ ಬತ್ತಿ ತಗೊಂಡ್ರ, ದೀಪ ಹಚ್ಚೋ ಮುಂದ ಮನಿ ಯಜಮಾನನ ಹೆಸರು ಓದಬೇಕು. ಓದಾಂವ ನಾ. ಅಂವನ ಹೆಸರು ನನ್ನ ಬಾಯಾಗ ಹೆಂಗ ಬರ್ತದ?

ಏನರೆ ಅನ್ನು. ಬೈಯಿ. ಪಂಚರ ಕಡಿ ಹೋಗು, ಮಾಸ್ತರ ಸುಳ್ಳುಗಾರ ಅಂತ ಹೇಳು. ಹಿಂಗ ಬತ್ತಿ ಕಟ್ಟು ಮತ್ತ ಎಣಿಸ್ಕೋತ ಕುಂದ್ರಬ್ಯಾಡ, ತಡಕೊಳ್ಳಾಕ ಆಗವಲ್ದು.

ಬಂದೂಕ ನನ್ನ ಎದಿ ಮ್ಯಾಲ ಇಟ್ಟಿದ್ರು ತಂಗಿ. ದಾರಿ ತೋರಿಸಿದಾಂವ ನಾ.

...ಯಾಕ, ಬೆಚ್ಚಲಿಲ್ಲ ನೀ? ಗೊತ್ತಿತ್ತು?

ಗೊತ್ತಿದ್ದೂ ಎರಡು ವರ್ಷ ನನ್ನ ಮುಂದ ಕುಂತು ಲೆಕ್ಕ ಕಲ್ತಿ?